ಚಕ್ರ ಬೀಳುವ ಕಡೆ ನಿಂತ ಪರಮಣ್ಣ ಸರ

ಚಕ್ರ ಎಸೆತ ಕಲಿಸುವವರು ಸಾಮಾನ್ಯವಾಗಿ ಎಸೆಯುವವರ ಬೆನ್ನ ಹಿಂದೆ ನಿಲ್ಲುತ್ತಾರೆ. ಅದು ಶಾಸ್ತ್ರಕ್ಕೂ ಸರಿ, ಜೀವಕ್ಕೂ ಕ್ಷೇಮ. ಸುರಪುರದ ನಮ್ಮ ಪದವಿ ಕಾಲೇಜಿನ ದೈಹಿಕ ಶಿಕ್ಷಣ ಅಧ್ಯಾಪಕ ಪರಮಣ್ಣನವರು ಮಾತ್ರ ಎದುರಿಗೆ ನಿಲ್ಲುತ್ತಾರೆ. ಎದುರಿಗೆ ಎಂದರೆ, ಕೈಬಿಟ್ಟ ಚಕ್ರ ಎಲ್ಲಿಗೆ ಬಂದು ನೆಲಕ್ಕೆ ಬಡಿಯುವುದೋ ಅದೇ ದಿಕ್ಕಿನಲ್ಲಿ, ಒಂದು ಗಿಡದ ನೆರಳೂ ಇಲ್ಲದ ಬಟಾಬಯಲಿನಲ್ಲಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಮೈಮೇಲೆ ಕೆಂಪು ಕೋಟು ಹಾಕಿಕೊಂಡು. ನಾನು ಈ ಕಾಲೇಜಿಗೆ ಕನ್ನಡ ಅಧ್ಯಾಪಕಿಯಾಗಿ ವರ್ಗವಾಗಿ ಬಂದ ಮೊದಲ ವಾರ, ತರಗತಿಯ ಕಿಟಕಿಯಿಂದ ಆ ದೃಶ್ಯ ಕಂಡು ಪಾಠ ನಿಲ್ಲಿಸಿ ಅದು ಯಾರೆಂದು ಕೇಳಿದೆ. ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದ ತಸ್ಲೀಮಾ ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು: "ನಮ್ಮ ಪಿ.ಟಿ. ಸರ್ರಿ ಮೇಡಂ. ಫಿಕರ್ ಮಾಡಬ್ಯಾಡ್ರಿ, ಅವರಿಗಿ ಒಮ್ಮಿ ಬಡದದ. ಈಗ ರೂಢಿ ಆಗ್ಯದ."

ಬಡಿದದ್ದು ನಿಜ. ಹನ್ನೆರಡು ವರ್ಷಗಳ ಹಿಂದೆ ಬಾಲರಾಜನೆಂಬ ವಿದ್ಯಾರ್ಥಿಯ ಎರಡು ಕಿಲೋ ತೂಕದ ಚಕ್ರ ಹಾದಿ ತಪ್ಪಿ ಬಂದು ಅವರ ಬಲಗಾಲಿನ ಮೊಣಕಾಲ ಕೆಳಗೆ ಅಪ್ಪಳಿಸಿ ಎಲುಬು ಮುರಿಯಿತು. ದವಾಖಾನೆಗೆ ಒಯ್ಯಲು ಆಟೋ ಬರುವಷ್ಟರಲ್ಲಿ, ಅಳುತ್ತ ನಿಂತಿದ್ದ ಬಾಲರಾಜನಿಗೆ ನೆಲದ ಮೇಲೆ ಬಿದ್ದಲ್ಲಿಂದಲೇ ಅವರು ಹೇಳಿದರಂತೆ: "ಇನ್ನೊಂದ್ ಒಗಿ. ಈಗ ಒಗೀಲಿಲ್ಲಂದ್ರ ಅಂಜಿಕಿ ಕುಂದರತದ." ಹುಡುಗ ಅಳುತ್ತಲೇ ಇನ್ನೊಂದು ಎಸೆದ, ಆ ವರ್ಷದ ಅವನ ಅತಿ ದೂರದ ಎಸೆತ ಅದೇ ಎಂದು ಇಂದಿಗೂ ಕಾಲೇಜಿನಲ್ಲಿ ಹೇಳುತ್ತಾರೆ, ಅಳೆದವರು ಯಾರೂ ಇಲ್ಲದಿದ್ದರೂ. ಈಗ ಶಹಾಪುರದಲ್ಲಿ ಪೊಲೀಸ್ ಪೇದೆಯಾಗಿರುವ ಬಾಲರಾಜ ಬಸ್ ನಿಲ್ದಾಣದಲ್ಲಿ ಗುರುಗಳು ಸಿಕ್ಕರೆ ಮೊದಲು ಕಾಲು ನೋಡುತ್ತಾನೆ, ಆಮೇಲೆ ಸೆಲ್ಯೂಟ್ ಹೊಡೆಯುತ್ತಾನೆ. ಗುರುಗಳು ಅಂದಿನಿಂದ ಬಲಗಾಲನ್ನು ಒಂದು ಗಳಿಗೆ ತಡವಾಗಿ ಎತ್ತಿಡುತ್ತಾರೆ, ಆದರೆ ನಿಲ್ಲುವ ಜಾಗವನ್ನು ಬದಲಿಸಿಲ್ಲ.

ಅಲ್ಲಿಗೆ ಅವರು ಮೊದಲು ಹೋಗಿ ನಿಂತದ್ದು ಯಾವ ಘನ ಉದ್ದೇಶದಿಂದಲೂ ಅಲ್ಲ. ಅವರು ಸೇರಿದಾಗ ಕಾಲೇಜಿನಲ್ಲಿ ಇದ್ದದ್ದು ಒಂದೇ ಚಕ್ರ. ಎಸೆದವರೇ ಓಡಿ ತರುವುದಾದರೆ ಸಂಜೆಗೆ ಹತ್ತು ಎಸೆತ, ಇವರು ತಂದುಕೊಟ್ಟರೆ ನಲವತ್ತು. ಆ ನಲವತ್ತರ ಆಸೆಗೆ ನಿಂತವರು ಅಲ್ಲೇ ನಿಂತುಬಿಟ್ಟರು. ಎಸೆಯುವ ವೃತ್ತಕ್ಕೆ ಸಿಮೆಂಟು ಹಾಕಿಸಿಕೊಡಿ ಎಂದು ಹನ್ನೊಂದು ಅರ್ಜಿ ಬರೆದರು. ಪ್ರತಿ ಸಲ ಅರ್ಜಿ ಮರಳಿದಾಗಲೂ ಗುಮಾಸ್ತರಿಗೆ, "ಇರ್ಲಿ ಬಿಡ್ರಿ, ಇನ್ನೊಂದ್ ಬರೀತೀನಿ" ಎನ್ನುತ್ತಿದ್ದರು. ಹನ್ನೆರಡನೆಯದನ್ನು ಬರೆಯುವ ಬದಲು ಮುರಿದ ಎರಡು ಬಂಡಿಗಳ ಗಾಲಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಗಳನ್ನು ತಂದು, ಕಮ್ಮಾರನಿಂದ ಕತ್ತರಿಸಿ ಬೆಸುಗೆ ಹಾಕಿಸಿ, ಅಳತೆಗೆ ಸರಿಯಾದ ಒಂದು ದೊಡ್ಡ ಬಳೆ ಮಾಡಿಸಿ, ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ತಾವೇ ಸಿಮೆಂಟು ಕಲಸಿದರು. ಹದಿನಾಲ್ಕು ವರ್ಷಗಳಲ್ಲಿ ಆ ಬಳೆಯೊಳಗಿಂದ ಹೊರಟ ಗುಂಡು, ಚಕ್ರ, ಭರ್ಜಿಗಳು ತಂದ ಪದಕಗಳಿಗೆ ಗಾಜಿನ ಕಪಾಟು ಸಾಲದೆ ನಮ್ಮ ಗ್ರಂಥಾಲಯದ ಒಂದು ಕಪಾಟು ಖಾಲಿಯಾಯಿತು. ಭರ್ಜಿಗೆ ಬಳೆ ಬೇಡವೆಂದು ಅವರೇ ಒಮ್ಮೆ ನನ್ನನ್ನು ತಿದ್ದಿದರು. ನನ್ನ ನಿಘಂಟುಗಳು ನೆಲದ ಮೇಲೆ ಬಂದ ಸಿಟ್ಟಿನಲ್ಲಿ ನಾನು ಆ ವ್ಯತ್ಯಾಸವನ್ನು ಗಮನಿಸಿರಲಿಲ್ಲ.

ಕೋಟಿನ ವಿಷಯ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ತಾವು ವಿದ್ಯಾರ್ಥಿಯಾಗಿದ್ದಾಗ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದಕ್ಕೆ ಸಿಕ್ಕಿದ ಕೋಟು ಅದು: ಹಿತ್ತಾಳೆ ಗುಂಡಿ, ಎದೆಯ ಮೇಲೆ ಎಳೆ ಬಿಟ್ಟ ಲಾಂಛನ, ಒಂದು ಕಾಲಕ್ಕೆ ದಾಳಿಂಬೆ ಬಣ್ಣವಿದ್ದು ಈಗ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಬಟ್ಟೆ. ಎಸೆತಕ್ಕೆ ತಕ್ಕ ಕಾಲು ಯಾರದೆಂದು ಹುಡುಕುತ್ತ, ಕೆಂಭಾವಿಯ ಸಂತೆಯಲ್ಲಿ ಹೆಗಲ ಮೇಲೆ ಚೀಲ ಹೊರುವವರ ಹಿಮ್ಮಡಿ ನೋಡುತ್ತ ತಿರುಗುವುದು ಅವರ ಅಭ್ಯಾಸ. ಮನುಷ್ಯರ ಮುಖ ಅವರಿಗೆ ಕೊನೆಗೆ ಕಾಣುತ್ತದೆ. ಹಾಗೆ ತಿರುಗುವಾಗ ಯಾರೋ ಹಿರಿಯರು ತಡೆದು, "ಬ್ಯಾಂಡ್ ಕಂಪನಿದವರೇನ್ರಿ? ನಮ್ಮಲ್ಲಿ ಮದುವಿ ಅದ, ಬರ್ತೀರೇನು?" ಎಂದು ಕೇಳಿದರಂತೆ. "ಬರ್ತೀನ್ರಿ, ಖರೆ ನನಗ ಬಾರ್ಸಾಕ ಬರಂಗಿಲ್ಲ" ಎಂದರಂತೆ ಇವರು. ಮದುವೆಗೆ ಹೋಗಿಯೂ ಬಂದರು, ಅದೇ ಕೋಟಿನಲ್ಲಿ.

ನನಗೆ ಕ್ರೀಡೆಯ ಗಂಧವೂ ಇರಲಿಲ್ಲ. ಆದರೆ ಹುಡುಗಿಯರ ತಂಡ ಊರು ಬಿಟ್ಟು ಹೋಗುವಾಗ ಜೊತೆಗೊಬ್ಬ ಅಧ್ಯಾಪಕಿ ಹೋಗಬೇಕೆಂಬ ನಿಯಮವಿದೆ, ಇದ್ದವಳು ನಾನೊಬ್ಬಳೇ. ಹೀಗೆ ಅಯ್ಯಮ್ಮನ ಕಥೆಗೆ ನಾನು ಸಾಕ್ಷಿಯಾದೆ.

ಅಯ್ಯಮ್ಮ ಕೊಂಕಲ್ಲಿನ ಕುರಿಗಾರ ಅಂಬಣ್ಣನ ಮಗಳು. ಒಂದು ಬೇಸಿಗೆಯಲ್ಲಿ ಪರಮಣ್ಣನವರ ಬಸ್ಸು ರಸ್ತೆ ದಾಟುತ್ತಿದ್ದ ಕುರಿ ಹಿಂಡಿಗಾಗಿ ನಿಂತಿತ್ತು. ಹಿಂಡಿನ ಮುಂದಿದ್ದ ಟಗರು ಯಾರದೋ ಹೊಲಕ್ಕೆ ಇಳಿಯುತ್ತಿತ್ತು. ಹಿಂಡಿನ ಹಿಂದಿದ್ದ ಹುಡುಗಿ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಬೀಸಿದಳು. ಅದು ಅಷ್ಟೂ ಕುರಿಗಳ ಮೇಲಿಂದ ಹಾದು ಟಗರಿನ ಮೂತಿಯ ಮುಂದೆ ಒಂದು ಗೇಣು ಅಂತರದಲ್ಲಿ ಬಿದ್ದು ಪುಡಿಯಾಯಿತು. ಪರಮಣ್ಣನವರು ಇಳಿದರು, ಬಸ್ಸು ಹೋಯಿತು. ಹುಡುಗಿ ಪಿಯುಸಿ ಮುಗಿಸಿದ್ದಾಳೆಂದು ತಿಳಿದ ಮೇಲೆ ಅಂಬಣ್ಣನೊಡನೆ ಆದ ಮಾತುಕತೆಯನ್ನು ಅವರೇ ನನಗೆ ಹೇಳಿದ್ದಾರೆ. "ಮೂರು ವರ್ಷ ನನಗ ಕೊಡ್ರಿ. ವಿಶ್ವವಿದ್ಯಾಲಯದ ತಂಡಕ್ಕ ಆಯ್ಕೆ ಆದಳಂದ್ರ ಮುಂದ ಬಿ.ಪಿ.ಎಡ್. ಓದ್ತಾಳ, ನನ್ಹಂಗ ಕಲಿಸ್ತಾಳ. ಆಗಲಿಲ್ಲಂದ್ರ ನಾನೇ ಕರ್ಕೊಂಡ್ ಬಂದು ನಿಮ್ಮ ಕುರಿ ಹಿಂದ ಬಿಟ್ಟು ಹೋಗ್ತೀನಿ." ಅಂಬಣ್ಣ, "ನೀವಾ ಬರಬೇಕು ಮತ್ತ" ಎಂದನಂತೆ.

ಎರಡು ವರ್ಷ ಕಳೆದವು. ಅಭ್ಯಾಸದಲ್ಲಿ ಅಯ್ಯಮ್ಮನ ಚಕ್ರ ಇಪ್ಪತ್ತೊಂಬತ್ತು ಮೀಟರಿನ ಆಚೆ ಹೋಗಲಿಲ್ಲ. ಕ್ರೀಡಾಕೂಟದಲ್ಲಿ ಅದಕ್ಕಿಂತ ಕಡಿಮೆ. ಆಯ್ಕೆಯ ಗೆರೆ ಇದ್ದದ್ದು ಮೂವತ್ತಾರಕ್ಕೆ. ಹುಡುಗಿಗೆ ಶಕ್ತಿ ಸಾಲದೆಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಪರಮಣ್ಣನವರು ಒಪ್ಪಲಿಲ್ಲ. ಪ್ರತಿ ಎಸೆತ ಬಿದ್ದಲ್ಲಿ ಬೇವಿನ ಕಡ್ಡಿ ನೆಡುವುದು ಅವರ ಪದ್ಧತಿ. ಒಂದು ಸಂಜೆ ಮೈದಾನಕ್ಕೆ ನುಗ್ಗಿದ ಎಮ್ಮೆಯನ್ನು ಓಡಿಸಲು ಅವರು ಮೈದಾನದ ಆಚೆ ತುದಿಗೆ ಹೋಗಿದ್ದಾಗ ಬಿದ್ದ ಎಸೆತದ ಕಡ್ಡಿಯೊಂದು ಉಳಿದವುಗಳಿಂದ ಬಹಳ ಆಚೆ ನಿಂತಿತ್ತು. ಮರುದಿನ ಬೇಕೆಂದೇ ಐದು ಹೆಜ್ಜೆ ಹಿಂದೆ ನಿಂತರು. ಚಕ್ರ ಐದು ಹೆಜ್ಜೆ ಮುಂದೆ ಬಂತು. ಅವರು ಎಲ್ಲಿ ನಿಂತರೂ ಅವಳ ಚಕ್ರ ಅವರಿಗಿಂತ ಹತ್ತು ಹೆಜ್ಜೆ ಮೊದಲೇ ನೆಲಕ್ಕಿಳಿಯುತ್ತಿತ್ತು.

ಅಂದು ನನ್ನನ್ನೂ ಕರೆದು ಕೂಡಿಸಿಕೊಂಡು, ಹೀಗೇಕೆಂದು ಅವಳನ್ನು ಕೇಳಿದರು. ಅವಳಿಗೂ ಅದು ಗೊತ್ತಿರಲಿಲ್ಲ. ಕಡ್ಡಿಗಳನ್ನು ನೋಡಿದಳು, ಅವರ ಕುಂಟುಗಾಲನ್ನು ನೋಡಿದಳು, ಆಮೇಲೆ ಮೆಲ್ಲಗೆ ಹೇಳಿದಳು.

"ಕುರಿಗಿ ಕಲ್ಲು ತಾಗಬಾರ್ದ್ರಿ ಸರ. ಸಣ್ಣಾಕಿ ಇದ್ದಾಗ ಒಮ್ಮಿ ತಾಗಿಸಿದ್ದೆ, ಅಪ್ಪ ಎರಡು ದಿನ ಮಾತಾಡಲಿಲ್ಲ. ಹಿಂಡಿನ ಬೆನ್ನ ಮ್ಯಾಲಿಂದ ಹೋಗಿ ಟಗರಿನ ಮಾರಿ ಮುಂದ ಬೀಳಬೇಕು. ಟಗರು ಹಿಂದಕ್ಕ ಹೊಳ್ಳಿತಂದ್ರ ಎಲ್ಲಾ ಹೊಳ್ಳತಾವ. ಇಲ್ಲಿ ನೀವು ಕಂಡ್ರ ಕೈ ತಾನಾ ತಡೀತದ್ರಿ, ನಾ ತಡಿಯಂಗಿಲ್ಲ."

"ಹಂಗಾರ ನಾ ಟಗರು?"

ಅವಳು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. "ಹೌದ್ರಿ ಸರ."

ಮೈದಾನ ಖಾಲಿ ಮಾಡಿಸಿ ಆ ರೂಢಿ ಬಿಡಿಸಿದರಾಯಿತೆಂದು ನಾನು ಸಲಹೆ ಕೊಟ್ಟೆ. ಪರಮಣ್ಣನವರು ನನ್ನ ಕಡೆ ಕರುಣೆಯಿಂದ ನೋಡಿದರು. "ಬಿಡಿಸೋದು ಬ್ಯಾಡ್ರಿ ಮೇಡಂ. ಆಕಿ ಅಪ್ಪ ಕೊಟ್ಟ ವಿದ್ಯೆ ಅದು. ನಾ ಹಿಂದಕ್ಕ ಸರೀತೀನಿ, ಅಷ್ಟಾ." ಅಂದಿನಿಂದ ಎಂಟು ತಿಂಗಳು ಅವರು ಹಿಂದೆ ಸರಿದರು: ಐವತ್ತು ಹೆಜ್ಜೆಯಿಂದ ಐವತ್ತೆರಡಕ್ಕೆ, ಅಲ್ಲಿಂದ ಐವತ್ತೈದಕ್ಕೆ, ಒಂದೊಂದು ಅಂತರದಲ್ಲಿ ವಾರಗಟ್ಟಲೆ ನಿಂತು, ಪ್ರತಿ ಎಸೆತಕ್ಕೂ "ಇನ್ನೊಂದ್ ಒಗಿ" ಎಂದು ಕೂಗುತ್ತ. ಆ ಮಂಕಾದ ಕೋಟು ಯಾಕೆ ಮೈಬಿಡುವುದಿಲ್ಲವೆಂದು ನನಗೆ ಆಗ ತಿಳಿಯಿತು: ಅರವತ್ತು ಹೆಜ್ಜೆ ದೂರದಿಂದ, ಆ ಕಂದು ನೆಲದ ಮೇಲೆ, ಮನುಷ್ಯನೊಬ್ಬ ಎದ್ದು ಕಾಣುವುದಕ್ಕೆ ಅದು ಬೇಕಿತ್ತು. ಚಳಿಗಾಲದ ಹೊತ್ತಿಗೆ ಅಯ್ಯಮ್ಮನ ಚಕ್ರ ಮೂವತ್ತೇಳನ್ನು ಮುಟ್ಟಿತು.

ಆ ಸಲದ ಕ್ರೀಡಾಕೂಟ ಯಾದಗಿರಿಯಲ್ಲಿ. ಅಯ್ಯಮ್ಮನಿಗೆ ಅದು ಕೊನೆಯ ವರ್ಷ. ಮೊದಲ ಎಸೆತ ಇಪ್ಪತ್ತೇಳು, ಎರಡನೆಯದು ಇಪ್ಪತ್ತಾರು. ದೂರ ಅಳೆಯುವ ತೀರ್ಪುಗಾರರು ಮೈದಾನದಲ್ಲಿ ಮೂವತ್ತೈದು ಮೀಟರಿನ ಹತ್ತಿರ ನಿಂತಿದ್ದರು. ಅವಳ ಎಸೆತ ಕಡಿಮೆಯಾದಂತೆ ಅವರು ಅವಳ ಸರದಿಗೆ ಇನ್ನಷ್ಟು ಹತ್ತಿರ ಬಂದರು. ಅವರು ಹತ್ತಿರ ಬಂದಂತೆ ಅವಳ ಕೈ ಇನ್ನಷ್ಟು ತಡೆಯಿತು. ಮೂರನೆಯ ಎಸೆತದ ನಂತರ ಎಂಟನೆಯವಳಾಗಿ, ಮೊದಲ ಎಂಟು ಮಂದಿಗೆ ಮಾತ್ರ ಸಿಗುವ ಉಳಿದ ಮೂರು ಅವಕಾಶಗಳನ್ನು ಹೇಗೋ ಉಳಿಸಿಕೊಂಡಳು. ಪರಮಣ್ಣನವರು ಮುಖ್ಯ ತೀರ್ಪುಗಾರ ಮಹೇಶಕುಮಾರರ ಬಳಿ ಹೋಗಿ ಜರಾ ಹಿಂದೆ ನಿಲ್ಲಲು ಕೇಳಿಕೊಂಡರು. "ಹುಡುಗಿ ಇಪ್ಪತ್ತೇಳು ದಾಟವಲ್ಲಳು, ನಾವು ನಲವತ್ತಕ್ಕ ನಿಂತು ಏನ್ ಮಾಡೋದ್ರಿ? ಮೊದಲು ನೀವು ಹೊರಗ ನಡೀರಿ" ಎಂದರು ಅವರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹೊರಗೆ ಬಂದ ಪರಮಣ್ಣನವರ ಮುಖ ನೋಡಿ ನನಗೆ ಸಂಕಟವಾಯಿತು. "ನಂದಾ ತಪ್ಪ್ರಿ ಮೇಡಂ. ನಾ ಟಗರು ಆದೆ, ನಡುವ ಹಿಂಡು ಇರತದ ಅಂಬೋದು ಮರ್ತೆ" ಎಂದರು. ಮರುಕ್ಷಣ ಹೊರಟರು. ಕಂಬಿಯ ಕಟಾಂಜನದ ಹೊರಗಿನಿಂದ ಇಡೀ ಮೈದಾನವನ್ನು ಸುತ್ತಿ, ಚಕ್ರ ಹಾರುವ ದಿಕ್ಕಿನ ಆ ತುದಿಗೆ. ಅಷ್ಟು ವೇಗವಾಗಿ ಅವರು ನಡೆದದ್ದನ್ನು ನಾನು ಕಂಡಿರಲಿಲ್ಲ; ಬಲಗಾಲು ಹಿಂದುಳಿಯುತ್ತಿತ್ತು, ಅದನ್ನು ಎಳೆದುಕೊಂಡೇ ಹೋದರು. ಅವರು ಅರ್ಧ ಹಾದಿಯಲ್ಲಿದ್ದಾಗ ನಾಲ್ಕನೆಯ ಎಸೆತ ಇಪ್ಪತ್ತೈದಕ್ಕೇ ಬಿತ್ತು.

ಐದನೆಯ ಸರದಿಗೆ ಕೆಂಪು ಕೋಟು ಆಚೆ ತುದಿಯ ಕಟಾಂಜನದ ಬಳಿ ನಿಂತಿತ್ತು. ಆದರೆ ಅಯ್ಯಮ್ಮ ತಲೆ ತಗ್ಗಿಸಿಕೊಂಡೇ ವೃತ್ತಕ್ಕೆ ಬಂದಳು. ಇಪ್ಪತ್ತು ವರ್ಷ ಛಂದಸ್ಸು ಕಲಿಸಿದ ನಾನು, ಪ್ರೇಕ್ಷಕರ ನಡುವೆ ಎದ್ದು ನಿಂತು, ಗಂಟಲು ಹರಿಯುವಂತೆ ಕೂಗಿದೆ: "ಅಯ್ಯಮ್ಮಾ, ಟಗರು ನೋಡ!"

ಪಕ್ಕದವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಅವಳು ತಲೆ ಎತ್ತಿದಳು. ತೀರ್ಪುಗಾರರ ತಲೆಯ ಮೇಲಿಂದ ಆಚೆ, ಬಹಳ ಆಚೆ, ನೋಡಿದಳು. ಚಕ್ರ ಮಹೇಶಕುಮಾರರ ಟೋಪಿಯ ಮೇಲಿಂದ ಹಾದು ಮೂವತ್ತಮೂರಕ್ಕೆ ಬಿತ್ತು. ಅವರು ಕುಳಿತು ಎದ್ದರು, ಎದ್ದವರೇ ಯಾರೂ ಹೇಳದೆ ನಲವತ್ತಕ್ಕೆ ಹೋಗಿ ನಿಂತರು. ಆರನೆಯ ಎಸೆತ ಮೂವತ್ತಾರು ಮೀಟರ್ ನಲವತ್ತೆರಡು ಸೆಂಟಿಮೀಟರ್. ನನಗೆ ಅಳು ಬಂತು, ಅತ್ತೆ.

ಪರಮಣ್ಣನವರು ಮತ್ತೆ ಅಷ್ಟೂ ಹಾದಿ ಸುತ್ತಿ ಬರುವಷ್ಟರಲ್ಲಿ ಅಯ್ಯಮ್ಮ ಅವರಿಗಾಗಿ ಕಾಯುತ್ತಿದ್ದಳು. "ಟಗರು ಕಾಣ್ತರಿ ಸರ" ಎಂದಳು. ಅವರು ಬಾಯಿ ತೆರೆದು, "ಇನ್ನೊಂದ್..." ಎಂದು ನಿಲ್ಲಿಸಿದರು, ಆರೂ ಮುಗಿದಿದ್ದವು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು.

ಮುಂದಿನ ರವಿವಾರ ಕೊಂಕಲ್ಲಿಗೆ ಹೋದೆವು. ಮಾತಿಗೆ ಸಾಕ್ಷಿ ಬೇಕೆಂದು ನನ್ನನ್ನೂ ಕರೆದೊಯ್ದರು. ಅಂಬಣ್ಣ ಊರಾಚೆಯ ಕೊಯ್ದ ಜೋಳದ ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ. ಇವರು ಬರುತ್ತಿರುವುದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡ. "ಬಂದ್ರ್ಯಾ? ಬಿಟ್ಟು ಹೋಗಾಕ?"

"ಬಿಡಂಗಿಲ್ಲ ಅಂತ ಹೇಳಾಕ ಬಂದೀನಿ" ಎಂದರು ಪರಮಣ್ಣನವರು.

"ಎಷ್ಟು ದೂರ ಒಗದಾಳ್ರಿ?"

ಮೀಟರಿನ ಲೆಕ್ಕ ಇವರು ಹೇಳಲಿಲ್ಲ. ಅಂಬಣ್ಣನ ಕಾಲ ಬಳಿ ಒಂದು ಕಲ್ಲಿಟ್ಟು, ಅಲ್ಲಿಂದ ಕುರಿಗಳ ನಡುವೆ ಹಾದು, ಕುಂಟುತ್ತ, ಎಣಿಸುತ್ತ ನಡೆದರು. ಐವತ್ತು ಹೆಜ್ಜೆಗೆ ನಿಂತು, ಇತ್ತ ತಿರುಗಿ, ಎರಡೂ ಕೈ ಮೇಲೆತ್ತಿದರು. ಅಂಬಣ್ಣ ಹಣೆಗೆ ಅಂಗೈ ಅಡ್ಡ ಹಿಡಿದು ಕೆಂಪು ಕೋಟನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟು ದೂರ ನಾ ಒಮ್ಮಿನೂ ಒಗದಿಲ್ರಿ. ಓದಲಿ ಬಿಡ್ರಿ" ಎಂದ.

ಕಲಿಸುವವರನ್ನು ನಾನು ಬಹಳ ಕಂಡಿದ್ದೇನೆ. ನಾನೂ ಅದೇ ಕುಲದವಳು. ನಾವೆಲ್ಲ ಮಕ್ಕಳ ಬೆನ್ನ ಹಿಂದೆ, ನೆರಳಿನಲ್ಲಿ ನಿಂತು, ಅವರು ಎಸೆದದ್ದು ಎಷ್ಟು ದೂರ ಹೋಯಿತೆಂದು ಅಳೆಯುತ್ತೇವೆ, ಹೋಗದಿದ್ದರೆ ಅವರಿಗೆ ಶಕ್ತಿ ಸಾಲದೆಂದು ತೀರ್ಮಾನಿಸುತ್ತೇವೆ. ಎಲ್ಲೋ ಒಬ್ಬರು ಮಾತ್ರ, ಬಡಿಯುತ್ತದೆಂದು ಗೊತ್ತಿದ್ದೂ, ಒಮ್ಮೆ ಬಡಿದ ಮೇಲೂ, ಮಕ್ಕಳು ಮುಟ್ಟಬೇಕಾದ ದೂರಕ್ಕೆ ತಾವೇ ಮೊದಲು ಹೋಗಿ ಬಿಸಿಲಿನಲ್ಲಿ ನಿಂತಿರುತ್ತಾರೆ. ಅಂಥವರು ನಮಗೆ ಹುಚ್ಚರ ಹಾಗೆ, ಬ್ಯಾಂಡಿನವರ ಹಾಗೆ ಕಾಣುವುದು ಸಹಜ. ನಾವು ನೋಡಲೆಂದು ಅವರು ಆ ಕೋಟು ಹಾಕಿಕೊಂಡಿರುವುದಿಲ್ಲ.