ನೀರುಗಂಟಿ ಕೆಂಪಯ್ಯನ ಫ್ಲೆಕ್ಸು

ಓಡುವ ಮಿಷನ್ನಿನ ತಂಟೆಗೆ ಹೋಗಬಾರದು ಅನ್ನೋದು ಆಲೆಮನೆಯಲ್ಲಿ ಕಬ್ಬು ಹಿಂಡೋನಿಗೂ ಗೊತ್ತು. ನಮ್ಮ ಓನರ್ ಸ್ವಾಮಣ್ಣನಿಗೆ ಗೊತ್ತಿರಲಿಲ್ಲ. ಮಳವಳ್ಳಿಯಲ್ಲಿ ನಾನು ಆರು ವರ್ಷದಿಂದ ಕೆಲಸ ಮಾಡೋ ಫ್ಲೆಕ್ಸ್ ಅಂಗಡಿ ಅವನದು. ಅಂಗಡಿಯ ಕಂಪ್ಯೂಟರು ಒಂದು ತಿಂಗಳಿಂದ ದಿನಾ ಒಂದು ನೋಟೀಸು ತೋರಿಸುತ್ತಿತ್ತು, ಹಳೇ ಆಪರೇಟಿಂಗ್ ಸಿಸ್ಟಮ್ಮಿಗೆ ಇನ್ನು ಮೇಲೆ ರಕ್ಷಣೆ ಇಲ್ಲ ಅಂತ. ನೋಟೀಸು ಅಂದರೆ ಸ್ವಾಮಣ್ಣನಿಗೆ ಪ್ರಾಣಭಯ. ಪುರಸಭೆಯದಾದರೂ ಅಷ್ಟೆ, ಕಂಪ್ಯೂಟರಿನದಾದರೂ ಅಷ್ಟೆ. ಮಂಗಳವಾರ ನಾನು ಬರೋ ಹೊತ್ತಿಗೆ ಮಂಡ್ಯದಿಂದ ಸುಹಾಸ್ ಅನ್ನೋ ಎಂಜಿನಿಯರನ್ನ ಕರೆಸಿ, ಇದ್ದದ್ದನ್ನೆಲ್ಲ ಒರೆಸಿ ಹಾಕಿಸಿ, ಹೊಸ ಸಿಸ್ಟಮ್ಮು ತುಂಬಿಸಿ ಕೂತಿದ್ದ.

ಪರದೆ ಮೇಲೆ ಯಾವುದೋ ದೇಶದ ಹಿಮದ ಬೆಟ್ಟ. ಅದರ ಕೆಳಗೆ, ಎಲ್ಲವೂ ನಿಮಗಾಗಿ ಸಿದ್ಧವಾಗಿದೆ ಅಂತ ಬರೆದಿತ್ತು.

"ಎಂಗದೆ ಚಲುವ? ಹೊಸ ಕಾರಿದ್ದಂಗಿಲ್ವ?" ಅಂದ ಸ್ವಾಮಣ್ಣ.

ನಾನು ಪೆನ್‌ಡ್ರೈವಿನಿಂದ ಒಂದು ಸಣ್ಣ ಡಿಸೈನ್ ತೆಗೆದು ಪ್ರಿಂಟ್ ಕೊಟ್ಟೆ. ನನ್ನ ಬೆನ್ನ ಹಿಂದೆ ನಮ್ಮ ಫ್ಲೆಕ್ಸ್ ಮಿಷನ್ನು, ಹತ್ತಡಿ ಅಗಲದ್ದು, ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು, ಮಲಗಿದ ಎಮ್ಮೆ ಥರ ಹಾಗೇ ಬಿದ್ದಿತ್ತು. ಮತ್ತೆ ಕೊಟ್ಟೆ. ಪ್ರಿಂಟರ್ ಸಿಕ್ಕಿಲ್ಲ ಅಂದಿತು ಕಂಪ್ಯೂಟರು. ಮೂರು ಮಾರು ದೂರದಲ್ಲಿ, ಕೋಣೆ ತುಂಬ ಕೂತಿರೋ ಮಿಷನ್ನು ಅದರ ಕಣ್ಣಿಗೆ ಕಾಣುತ್ತಿಲ್ಲ.

ಸುಹಾಸ್ ಅಷ್ಟೊತ್ತಿಗೆ ಬ್ಯಾಗಿನ ಜಿಪ್ ಎಳೆದಿದ್ದ. "ಬ್ರೋ, ಅದು ಮಿಷನ್ ಪ್ರಾಬ್ಲಮ್ಮು. ಓಎಸ್ ಪ್ರಾಬ್ಲಮ್ ಅಲ್ಲ."

"ನೆನ್ನೆ ಸಾಯಂಕಾಲದ ತನಕ ಮಿಷನ್ನು ಚೆನ್ನಾಗಿತ್ತಲ್ಲ."

"ನೆನ್ನೆ ಹಳೇ ಓಎಸ್ ಇತ್ತು ಬ್ರೋ."

"ಅದನ್ನೇ ನಾನೂ ಹೇಳ್ತಿರೋದು."

ಅವನು ನನ್ನ ಮುಖವನ್ನೇ ನೋಡಿದ. ಓದಿದೋರ ಹತ್ತಿರ ಇದೊಂದು ಕಲೆ ಇದೆ. ನಿಜ ಹೇಳಿದೋನನ್ನೇ ಪೆದ್ದನ ಥರ ನೋಡೋದು. ಕಂಪ್ಯೂಟರಿಗೂ ಮಿಷನ್ನಿಗೂ ನಡುವೆ ಒಬ್ಬ ದಲ್ಲಾಳಿ ಬೇಕು, ಇದರ ಮಾತನ್ನ ಅದಕ್ಕೆ ಮುಟ್ಟಿಸೋಕೆ. ಅದಕ್ಕೆ ಡ್ರೈವರ್ ಅಂತಾರೆ. ನಮ್ಮ ಮಿಷನ್ನಿನ ಡ್ರೈವರು ಒಂದು ಹಳೇ ಸೀಡಿಯಲ್ಲಿದೆ, ಮಾರಿದೋನು ಮಾರ್ಕರಿನಲ್ಲಿ 'ಕಳೀಬೇಡಿ' ಅಂತ ಬರೆದುಕೊಟ್ಟಿದ್ದ. ನಾನು ಕಳೆದಿರಲಿಲ್ಲ. ಆ ಸೀಡಿ ಹಾಕಿದರೆ, ಈ ಡ್ರೈವರು ತೀರಾ ಹಳೆಯದು, ನನಗೆ ಕೂರೋದಿಲ್ಲ, ಇದಕ್ಕೆ ನಂಬುವಂಥ ಸಹಿಯೂ ಇಲ್ಲ ಅಂದಿತು ಹೊಸ ಮಹಾರಾಜ.

"ಹಳೇದನ್ನೇ ವಾಪಸ್ ಹಾಕ್ಕೊಡಿ" ಅಂದೆ.

"ಹಳೇ ಕಾಪಿ ನನ್ನತ್ರ ಇಲ್ಲ ಬ್ರೋ. ಸೋಮವಾರ ತರಿಸ್ತೀನಿ. ಆದ್ರೆ ಹಿಂದಕ್ಕೆ ಹೋಗೋದು ಸೇಫ್ ಅಲ್ಲ." ಬ್ಯಾಗು ನೇತುಹಾಕಿಕೊಂಡು ಹೋದ. ಸ್ವಾಮಣ್ಣ ಅವನಿಗೆ ಕಾಫಿ ಬೇರೆ ಕುಡಿಸಿ ಕಳಿಸಿದ.

ಹನ್ನೊಂದು ಗಂಟೆಗೆ ಸಣ್ಣತಾಯಮ್ಮ ಬಂದಳು. ಪೂರಿಗಾಲಿಯ ಮುದುಕಿ. ಗಂಡ ಕೆಂಪಯ್ಯ ಸತ್ತು ಗುರುವಾರಕ್ಕೆ ಹನ್ನೊಂದನೇ ದಿನ, ತಿಥಿ. ಹಿಂದಿನ ದಿನ ಆರ್ಡರು ಕೊಟ್ಟು ಹೋಗಿದ್ದಳು, ಎಂಟಡಿಗೆ ಹತ್ತಡಿ ಫ್ಲೆಕ್ಸು, ಊರ ಬಸ್‌ಸ್ಟಾಪಿನಲ್ಲಿ ಕಟ್ಟೋಕೆ. ಡಿಸೈನು ನನ್ನ ಪೆನ್‌ಡ್ರೈವಿನಲ್ಲಿತ್ತು. ಅದನ್ನ ನೋಡೋಕೆ ಅಂತಲೇ ಬಂದಿದ್ದಳು.

ನಮ್ಮ ಕಡೆ ಫ್ಲೆಕ್ಸಿಗೆ ಒಂದು ಪದ್ಧತಿ ಇದೆ. ಮೇಲೆ ಸತ್ತವನು, ಕೆಳಗೆ ಬದುಕಿರೋ ಇಪ್ಪತ್ತು ಜನ. ಇಪ್ಪತ್ತು ಜನವೂ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಸಂತಾಪ ಸೂಚಿಸುತ್ತಾರೆ. ಸತ್ತವನ ಮುಖ ಎಷ್ಟು ಕಪ್ಪಗಿದ್ದರೂ ನಾವು ಹಾಲಿನಂಗೆ ಬೆಳ್ಳಗೆ ಮಾಡಬೇಕು, ಹೆಗಲಿಗೊಂದು ಕೋಟು ಕೂರಿಸಬೇಕು. ಕೈ ರೂಢಿ. ಕೆಂಪಯ್ಯನಿಗೂ ಹಾಗೇ ಮಾಡಿದ್ದೆ.

ಸಣ್ಣತಾಯಮ್ಮ ಪರದೆ ಹತ್ತಿರ ಬಗ್ಗಿ ನೋಡಿದಳು. "ಇದ್ಯಾರಪ್ಪಾ?"

"ನಿಮ್ಮೆಜಮಾನ್ರೆ ಕಣಮ್ಮ."

"ಅಲ್ಲ ಬುಡು. ಇವ್ನು ಯಾವನೋ ತಾಸಿಲ್ದಾರ. ನಮ್ಮೋರು ಕಪ್ಪಗಿದ್ರು. ಕೋಟು ತಗಿ. ಮೊದ್ಲೆಂಗಿದ್ರೋ ಅಂಗೆ ಮಾಡು."

ಮಾಡಿದೆ. ಕಪ್ಪು ಮುಖ, ಮೂರು ದಿನದ ಬಿಳಿ ಗಡ್ಡ, ಹೆಗಲಿಗೆ ಟವಲ್ಲು. ಅವಳು ತಲೆಯಾಡಿಸಿದಳು.

"ಕೆಳಗೆ ಯಾರ್ಯಾರ ಫೋಟೋ ಹಾಕ್ಲಿ?"

"ಯಾರ್ದೂ ಬ್ಯಾಡ. ಅವ್ರೊಬ್ರೇ."

"ಊರು ಅಂದ್ಮೇಲೆ ನಾಕು ಜನ..."

"ಊರು" ಅಂದಳು, ನೆಲಕ್ಕೆ ಉಗುಳಿದಂಗೆ. "ಮೂವತ್ತೊರ್ಷ ನಾಲೆ ನೀರ್ಗಂಟಿ ಆಗಿದ್ರು ಕಣಪ್ಪ. ತೂಬು ಎತ್ತೋರು, ಇಳ್ಸೋರು. ಮ್ಯಾಲ್ಗಡೆಯೋನ್ಗೆ ಬುಟ್ರೆ ಕೆಳ್ಗಡೆಯೋನು ಬಯ್ಯೋನು. ಕೆಳ್ಗಡೆಯೋನ್ಗೆ ಬುಟ್ರೆ ಮ್ಯಾಲ್ಗಡೆಯೋನು. ಒಂದ್ಸಲಾನೂ ಯಾವ ನನ್ಮಗನೂ ಮುಖ ನೋಡಿ ಮಾತಾಡ್ನಿಲ್ಲ. ಮೊನ್ನೆ ಬೈಕ್ ತಗಂಡೋನ್ಗೂ ಬಸ್‌ಸ್ಟಾಪಲ್ಲಿ ಫ್ಲೆಕ್ಸ್ ಹಾಕವ್ರೆ. ನಮ್ಮೋರ್ದು ಒಂದಿನ ಇರ್ಲಿ. ಬಯ್ದೋರೆಲ್ಲ ಕತ್ತೆತ್ತಿ ನೋಡ್ಬೇಕು. ತಿಥಿ ದಿನ ಬೆಳಿಗ್ಗೆ ಮೇಲೆ ಇರ್ಬೇಕು. ಮಾರ್ನೇ ದಿನ ಆದ್ರೆ ನಂಗೆ ಬ್ಯಾಡ."

ಮಿಷನ್ನು ಕೆಟ್ಟಿದೆ ಅಂತ ನಾನು ಹೇಳಬೇಕಿತ್ತು. "ಆಯ್ತದೆ ಓಗಮ್ಮ" ಅಂದುಬಿಟ್ಟೆ. ಬಾಯಿಗೆ ಬೆಂಕಿ ಹಾಕ.

ಬೇರೆ ಅಂಗಡಿಗೆ ಒಯ್ಯೋಣ ಅಂದರೆ, ಆ ವಾರವೇ ಒಬ್ಬ ಲೀಡರಿನ ಹುಟ್ಟುಹಬ್ಬ. ಮಳವಳ್ಳಿ, ಮದ್ದೂರು, ಮಂಡ್ಯ, ಎಲ್ಲ ಮಿಷನ್ನೂ ಆ ಮನುಷ್ಯನ ಹಲ್ಲನ್ನೇ ಪ್ರಿಂಟ್ ಮಾಡ್ತಿದ್ದವು. ಶುಕ್ರವಾರದ ತನಕ ಮೂಗು ತೂರಿಸಬೇಡ ಅಂದರು ಎಲ್ಲರೂ.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ನಮ್ಮ ಮಿಷನ್ನಿನ ಹೆಸರು ಹಾಕಿದರೆ ನೂರು ಸೈಟು ಬಂದವು. ಪ್ರತಿಯೊಂದರಲ್ಲೂ 'ಡ್ರೈವರ್ ಇಲ್ಲಿದೆ' ಅನ್ನೋ ಹಸಿರು ಬಟನ್ನು. ಮೊದಲನೇದು ಒತ್ತಿದರೆ ನಿಮ್ಮ ಜಾತಿಯ ವಧುಗಳು ಅಂತ ಬಂತು. ಎರಡನೇದು ನಿಮ್ಮ ಕಂಪ್ಯೂಟರಿನಲ್ಲಿ ನಲವತ್ತೇಳು ವೈರಸ್ಸಿವೆ ಅಂತು. ನಲವತ್ತೆಂಟನೇದು ಅದೇ. ಮೂರನೇದು ನಿಜವಾಗಲೂ ಏನೋ ಇಳಿಸಿತು. ಬಿಚ್ಚಿ ನೋಡಿದರೆ ಯಾವುದೋ ವೆಬ್ ಕ್ಯಾಮೆರಾದು.

ಮಿಷನ್ನು ಮಾರಿದ ಏಜೆನ್ಸಿಗೆ ಫೋನು ಮಾಡಿದೆ. ಹೆಂಗಸಿನ ದನಿ ಒಂದು ಒತ್ತಿ, ಎರಡು ಒತ್ತಿ ಅಂತ ಹೇಳಿ ಹೇಳಿ, ಅರ್ಧ ಗಂಟೆ ಸಂಗೀತ ಕೇಳಿಸಿ, ಕಡೆಗೆ ಒಬ್ಬ ಗಂಡಸಿನ ಕೈಗೆ ಕೊಟ್ಟಿತು. ಅವನು ಅಂದ, "ಸರ್, ಆ ಮಾಡೆಲ್ ನಿಂತು ಎಂಟು ವರ್ಷ ಆಯ್ತು. ಅದಕ್ಕೆ ಹೊಸ ಡ್ರೈವರ್ ಬರಲ್ಲ. ನೀವು ಹೊಸ ಮಿಷನ್ ತಗೊಂಡ್ಬಿಡಿ."

ಚಪ್ಪಲಿ ಉಂಗುಷ್ಟ ಕಿತ್ತರೆ ಕಾಲನ್ನೇ ಬದಲಾಯಿಸಿಕೋ ಅಂದಂಗೆ. ಫೋನಿಟ್ಟೆ.

ಸ್ವಾಮಣ್ಣ ಮಿಷನ್ನಿಗೆ ನಿಂಬೆಹಣ್ಣು ನೀವಾಳಿಸುತ್ತಿದ್ದ. "ಕಣ್ ಬಿದ್ದದೆ ಕಣ್ಲಾ" ಅಂದ.

"ಕಣ್ಣಲ್ಲ ಅಣ್ಣ, ನೀನು ಕೈ ಆಡ್ಸಿರೋದು."

"ಆ ಮುದುಕಿಗೆ ಆಗಲ್ಲ ಅಂತ ಫೋನ್ ಮಾಡ್ಬುಡು. ಅಷ್ಟಕ್ಕೂ ಒಬ್ಬ ನೀರ್ಗಂಟಿ."

ಆ 'ಅಷ್ಟಕ್ಕೂ' ಕೇಳಿ ಮೈಯೆಲ್ಲ ಉರಿದುಹೋಯಿತು. ಬುಧವಾರ ಬೆಳಿಗ್ಗೆವರೆಗೆ ಅದೇ ಉರಿಯಲ್ಲಿ ಯೋಚನೆ ಮಾಡಿದೆ. ನನಗೆ ಬೇಕಾದದ್ದು ಹಳೇ ಸಿಸ್ಟಮ್ಮಿರೋ ಒಂದು ಕಂಪ್ಯೂಟರು. ಊರಲ್ಲಿರೋದನ್ನೆಲ್ಲ ಸುಹಾಸನಂಥೋರು ಹೊಸದು ಮಾಡಿಬಿಟ್ಟಿದ್ದಾರೆ. ಯಾರೂ ಮುಟ್ಟದ, ಯಾರೂ ಬಳಸದ ಕಂಪ್ಯೂಟರು ಎಲ್ಲಿರುತ್ತೆ?

ಥೂ ಅನ್ನಿಸಿತು. ಗೊತ್ತಿತ್ತು ನನಗೆ. ನಮ್ಮೂರ ಹೈಸ್ಕೂಲು.

ಕಿರುಗಾವಲಿನಿಂದ ಒಳಗೆ ಮೂರು ಮೈಲಿ ನಮ್ಮೂರು. ನಾನು ಓದೋವಾಗ ಅಲ್ಲಿ ಒಂದು ಕಂಪ್ಯೂಟರ್ ರೂಮಿತ್ತು. ಸರ್ಕಾರ ಕೊಟ್ಟ ಹತ್ತು ಕಂಪ್ಯೂಟರು, ಹತ್ತಕ್ಕೂ ನೀಲಿ ಹೊದಿಕೆ. ಬೀಗದ ಕೈ ಲೆಕ್ಕದ ಮೇಷ್ಟ್ರು ಪಾರ್ಥಸಾರಥಿಗಳ ಉಡಿದಾರದಲ್ಲಿ. ವರ್ಷಕ್ಕೊಂದು ದಿನ, ಆಯುಧಪೂಜೆಗೆ, ಬಾಗಿಲು ತೆಗೆಯೋರು. ಹೊದಿಕೆ ತೆಗೀತಿರಲಿಲ್ಲ. ಹೊದಿಕೆ ಮೇಲೇ ಅರಿಶಿನ ಬಳಿದು, ಕುಂಕುಮ ಇಟ್ಟು, ಮಂಗಳಾರತಿ ಮಾಡಿ, ಕಡಲೆಪುರಿ ಹಂಚಿ ಮತ್ತೆ ಬೀಗ. ಒಂಬತ್ತನೇ ಕ್ಲಾಸಿನಲ್ಲಿ ಅಂಥ ಒಂದು ಪೂಜೆ ದಿನ ನಾನು ಒಂದರ ಹೊದಿಕೆ ಎತ್ತಿ ಸ್ವಿಚ್ಚು ಒತ್ತಿದೆ. ಅಷ್ಟೇ. ಮೇಷ್ಟ್ರು ಬೆತ್ತ ಮುರಿಯೋ ಹಾಗೆ ಹೊಡೆದು, ನಿಮ್ಮಪ್ಪನ್ನ ಕರ್ಕೊಂಡು ಬಾ ಅಂದರು. ನಾನು ಅಪ್ಪನನ್ನೂ ಕರೆದುಕೊಂಡು ಹೋಗಲಿಲ್ಲ, ನಾನೂ ಹೋಗಲಿಲ್ಲ. ಆ ಗೇಟು ದಾಟಿ ಹತ್ತು ವರ್ಷ ಆಗಿತ್ತು.

ಮೇಷ್ಟ್ರು ಇನ್ನೂ ಇದ್ದರು. ಕೂದಲು ಬೆಳ್ಳಗಾಗಿತ್ತು. ನಾಮ ಮಾತ್ರ ಅಷ್ಟೇ ನೇರ.

"ಸಾ, ನಾನು ಚಲುವರಾಜು."

"ಯಾವ ಚಲುವರಾಜು?"

ನನ್ನ ಬಾಳನ್ನೇ ತಿರುಗಿಸಿದ ಮನುಷ್ಯನಿಗೆ ನನ್ನ ಹೆಸರೂ ನೆನಪಿಲ್ಲ. ಕಂಪ್ಯೂಟರ್ ಬೇಕು, ಎರಡು ದಿನಕ್ಕೆ, ಹೀಗೀಗೆ ಅಂತ ಹೇಳಿದೆ.

"ಅದು ಸ್ಟಾಕ್ ರಿಜಿಸ್ಟರಿನಲ್ಲಿದೆ ಕಣಯ್ಯ. ಹೊರಗೆ ಕೊಡುವ ಹಾಗಿಲ್ಲ."

"ಒಳಗಿದ್ದು ಏನು ಮಾಡ್ತಾ ಇದೆ ಸಾ? ಮೊಟ್ಟೆ ಇಡ್ತಾ ಇದೆಯಾ?"

"ಮಾತು ನೋಡಿಕೊಂಡು ಆಡು."

"ಏನ್ ನೋಡ್ಕೊಳ್ಳೋದು? ಹೊದಿಕೆ ಎತ್ತಿದ್ದಕ್ಕೆ ಹೊಡೆದ್ರಲ್ಲ, ಆ ಹೊದಿಕೆ ಆಮೇಲಾದ್ರೂ ಯಾರಾದ್ರೂ ಎತ್ತಿದ್ರಾ? ಒಂದು ಮಗುವಾದ್ರೂ ಕಲೀತಾ? ಇವತ್ತು ಅದು ಒಬ್ಬಳು ಮುದುಕಿಗೆ ಬೇಕು. ಇವತ್ತೂ ರಿಜಿಸ್ಟರ್ ತೋರ್ಸಿ."

ಅವರು ಉಡಿದಾರದ ಬೀಗದ ಕೈ ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ನನಗೆ ಬರುತ್ತಿರಲಿಲ್ಲಪ್ಪ. ಮೂರು ದಿನ ಟ್ರೈನಿಂಗ್ ಕೊಟ್ಟು ಬೀಗದ ಕೈ ಕೊಟ್ಟುಬಿಟ್ಟರು. ಹುಡುಗರು ಏನಾದರೂ ಕೇಳಿದರೆ ಏನು ಹೇಳಲಿ? ಬೀಗ ಹಾಕಿಡೋದೇ ವಾಸಿ ಅನ್ನಿಸಿತು."

ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಈ ಮನುಷ್ಯನ ನಾಚಿಕೆ ಮುಚ್ಚೋಕೆ ನನ್ನ ಬೆನ್ನು ಬೇಕಾಯಿತು.

ಆದರೂ ಅವರು ಎದ್ದು ಬೀಗ ತೆಗೆದರು. ಹತ್ತರಲ್ಲಿ ಏಳಕ್ಕೆ ಜೀವವೇ ಇರಲಿಲ್ಲ. ಒಂದರೊಳಗೆ ಹಲ್ಲಿ ಸಂಸಾರ ಹೂಡಿತ್ತು. ಒಂಬತ್ತನೇದು ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು. ಹಳೇ ಸಿಸ್ಟಮ್ಮು, ತಂದ ದಿನ ಹೇಗಿತ್ತೋ ಹಾಗೇ. ಮೇಷ್ಟ್ರು ನನ್ನ ಹಿಂದೆ ನಿಂತು ಕೇಳಿದರು, "ಆ ಬಾಣ ಓಡಾಡೋದು ಯಾವುದರಿಂದ?" ನಾನು ಮೌಸನ್ನ ಅವರ ಕೈಗೆ ಕೊಟ್ಟೆ. ಎರಡು ನಿಮಿಷ ಪರದೆ ಮೇಲೆ ಬಾಣ ಅಲೆದಾಡಿಸಿ ವಾಪಸು ಕೊಟ್ಟರು. ರಿಜಿಸ್ಟರಿನಲ್ಲಿ ಮಾತ್ರ 'ರಿಪೇರಿಗೆ ಕಳಿಸಿದೆ' ಅಂತ ಬರೆದು ನನ್ನ ಸಹಿ ತೆಗೆದುಕೊಂಡರು. ನಾನು ಆ ಸ್ಕೂಲಿನಲ್ಲಿ ಹಾಕಿದ ಒಂದೇ ಸಹಿ ಅದು.

ಸಿಪಿಯು ಡಬ್ಬಿಯನ್ನ ಟವಲಿನಲ್ಲಿ ಸುತ್ತಿ, ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ತಂದೆ. ಸಾಯಂಕಾಲ ನಾಲ್ಕಕ್ಕೆ ಮಿಷನ್ನಿನ ವೈರು ಅದಕ್ಕೆ ಚುಚ್ಚಿ, ಸೀಡಿ ಹಾಕಿದೆ. ಒಂದು ಪ್ರಶ್ನೆ ಇಲ್ಲ, ಸಹಿ ಗಿಹಿ ಕೇಳಲಿಲ್ಲ. ಮಿಷನ್ನು ಗರ್ ಅಂತ ಎದ್ದು ಕೂತಿತು.

ಸ್ವಾಮಣ್ಣ ನಿಂಬೆಹಣ್ಣಿಗೆ ಕೈಮುಗಿದ. ನಾನು ಪೆನ್‌ಡ್ರೈವ್ ಚುಚ್ಚಿ ಪ್ರಿಂಟ್ ಕೊಟ್ಟೆ. ಕೆಂಪಯ್ಯ ಹಣೆಯಿಂದ ಶುರುವಾಗಿ ಒಂದೊಂದೇ ಗೆರೆ ಕೆಳಕ್ಕೆ ಇಳಿಯುತ್ತಿದ್ದ. ಕಪ್ಪಗೇ ಬಂದ.

ಗುರುವಾರ ಬೆಳಿಗ್ಗೆ ಏಳಕ್ಕೆ ಪೂರಿಗಾಲಿ ಬಸ್‌ಸ್ಟಾಪಿನಲ್ಲಿ ಎರಡು ಬೊಂಬು ನೆಟ್ಟು, ಏಣಿ ಹತ್ತಿ ನಾನೇ ಕಟ್ಟಿದೆ. ಸಣ್ಣತಾಯಮ್ಮ ಕೆಳಗೆ ನಿಂತಿದ್ದಳು. ಹಾಲಿನ ಕ್ಯಾನು ಹಿಡಿದೋರು, ಬಸ್ಸಿಗೆ ಕಾದೋರು, ಒಂದಷ್ಟು ಜನ ಇದ್ದರು. ಎಲ್ಲರೂ ಫೋನು ನೋಡ್ತಿದ್ದರು, ಇಲ್ಲ ರಸ್ತೆ ನೋಡ್ತಿದ್ದರು. ಒಬ್ಬನೂ ಮೇಲೆ ನೋಡಲಿಲ್ಲ. ಇಷ್ಟಕ್ಕೇನಾ ನಾನು ಆ ಗೇಟು ದಾಟಿದ್ದು ಅನ್ನಿಸಿತು. ಏಣಿಯಿಂದಲೇ ಎಲ್ಲರ ತಲೆ ಮೇಲೆ ಉಗಿಯೋಣ ಅನ್ನಿಸಿತು.

ಆಗ ಒಬ್ಬ ಎತ್ತರದ ಮುದುಕ, ಹೆಗಲ ಮೇಲೆ ಗುದ್ದಲಿ, ರಸ್ತೆ ದಾಟಿ ಬಂದು ಏಣಿ ಬುಡದಲ್ಲಿ ನಿಂತ. ಸಣ್ಣತಾಯಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. "ಚಿಕ್ಕಬೋರಯ್ಯ" ಅಂದಳು ನನಗೆ, ಅವನಿಗೆ ಕೇಳಿದರೂ ಕೇಳಲಿ ಅನ್ನೋ ಹಾಗೆ. "ನಾಲೆ ಏರಿ ಮೇಲೆ ನಮ್ಮೋರ ಕತ್ತಿನ ಪಟ್ಟಿ ಇಡ್ದಿದ್ದು ಇವ್ನೆ."

ಚಿಕ್ಕಬೋರಯ್ಯ ಗುದ್ದಲಿ ಇಳಿಸಿದ. ಕತ್ತೆತ್ತಿದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಂತ ಹುಬ್ಬಿಗೆ ಅಂಗೈ ಮರೆ ಮಾಡಿದ.

"ಲೇ, ಎಡಗಡೆ ಇಳ್ದದೆ ಕಣ್ಲಾ. ಎಳಿ ಮೇಲಕ್ಕೆ."

ಎಳೆದೆ.

"ಇನ್ನೂ ಒಂಚೂರು. ಅಂಗಲ್ಲ ಕಣ್ಲಾ, ಒಂದ್ ಬೆರಳಷ್ಟು." ಒಂದು ಕೈಯಲ್ಲಿ ಏಣಿ ಹಿಡಿದುಕೊಂಡ. ಬಸ್ಸಿಗೆ ಕಾದೋರು, ಏನೋ ಆಗ್ತಿದೆ ಅಂತ, ಅವನು ನೋಡಿದ ಕಡೆ ನೋಡಿದರು.

"ಸರಿಯಾಯ್ತಾ?" ಅಂತ ಕೇಳಿದೆ.

 ನಾನು ಹಗ್ಗ ಬಿಗಿದು, ಗಂಟು ಹಾಕಿ, ಇಳಿದು ಬಂದ ಮೇಲೂ ಅವನು ಏಣಿ ಹಿಡಿದುಕೊಂಡು ಮೇಲೇ ನೋಡ್ತಾ ನಿಂತಿದ್ದ. ಸಣ್ಣತಾಯಮ್ಮ ಕೆಂಪಯ್ಯನ ಕಡೆ ನೋಡಲಿಲ್ಲ. ಚಿಕ್ಕಬೋರಯ್ಯನ ಎತ್ತಿದ ಕತ್ತಿನ ಕಡೆಯೇ ನೋಡುತ್ತಿದ್ದಳು, ಅದು ಯಾವಾಗ ಇಳಿಯುತ್ತೆ ಅಂತ.