ಕೆನ್ನೆಗೆ ಇಟ್ಟ ಬಿಸಿ ಬಟ್ಟೆ

ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತುತ್ತಿದ್ದ ಚಿಕ್ಕೋಳು, ಪಕ್ಕದಲ್ಲಿದ್ದ ಕರವಸ್ತ್ರಕ್ಕೂ ಒಂದು ಸುತ್ತು ಬಿಸಿ ಮುಟ್ಟಿಸಿದಳು. ಅದನ್ನು ನಾಲ್ಕು ಮಡಿಕೆ ಮಾಡಿ ಬಲಗೆನ್ನೆಗೆ ಒತ್ತಿಕೊಂಡಳು. ಬೆಳಿಗ್ಗೆಯಷ್ಟೇ ಆ ಕಡೆಯ ಬುದ್ಧಿಹಲ್ಲು ಕೀಳಿಸಿಕೊಂಡು ಬಂದಿದ್ದಳು. ಮರಗಟ್ಟಿದ್ದು ಬಿಡುತ್ತಾ ನೋವು ಏಳುತ್ತಿತ್ತು. ಐಸ್ ಇಡಿ ಅಂತಲೇ ಡಾಕ್ಟರಮ್ಮ ಹೇಳಿದ್ದರು. ಆದರೆ ಇಪ್ಪತ್ತು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತವಳಿಗೆ, ಉಬ್ಬಿದ್ದೇನಿದ್ದರೂ ಬಿಸಿಗೆ ಬಗ್ಗಲೇಬೇಕು ಎಂಬ ನಂಬಿಕೆ.

“ಬೇಡ ಕಣೇ. ಅದು ಕೆನ್ನೆ, ಪ್ಯಾಂಟಿನ ಸುಕ್ಕಲ್ಲ,” ಎಂದ ಗಂಡ, ಬಟ್ಟೆ ಗಂಟು ಕಟ್ಟುತ್ತಾ.

ಅವಳು ಕಣ್ಣಲ್ಲೇ ಗದರಿದಳು. ಬಾಯಿ ಬಿಡುವಂತಿರಲಿಲ್ಲ.

ಆ ಅಂಗಡಿಯನ್ನು ಮೊದಲು ನಡೆಸುತ್ತಿದ್ದವರು ಅಕ್ಕ ತಂಗಿ ಇಬ್ಬರೂ. ಬೀದಿಯವರ ಬಾಯಲ್ಲಿ ದೊಡ್ಡೋಳು, ಚಿಕ್ಕೋಳು. ಒಂದು ದಿನ ಗಿರಾಕಿಯೊಬ್ಬರ ರೇಷ್ಮೆ ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಸುಟ್ಟು ಮೂಡಿತು. ದಪ್ಪ ಬಟ್ಟೆಗೆಂದು ಏರಿಸಿದ ಶಾಖವನ್ನು ಇಳಿಸದೆ ಬಿಟ್ಟವಳು ಚಿಕ್ಕೋಳು. ಗೊತ್ತಿಲ್ಲದೆ ಪೆಟ್ಟಿಗೆ ಎತ್ತಿಕೊಂಡು ಬೈಸಿಕೊಂಡವಳು ದೊಡ್ಡೋಳು. ಚಿಕ್ಕೋಳು ತುಟಿ ಪಿಟಕ್ಕೆನ್ನಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಕ್ಕ ಬೇರೆ ಊರಿನ ಲಾಂಡ್ರಿ ಸೇರಿದಳು.

ಐದು ತಿಂಗಳ ಹಿಂದೆ ಅಕ್ಕನೇ ಕಾಗದ ಬರೆದಿದ್ದಳು. “ವರ್ಷದ ಕೊನೆಗೆ ಇಲ್ಲಿ ಕಾಯಂ ಮಾಡ್ತಾರಂತೆ. ಆಮೇಲೆ ಬಿಟ್ಟು ಬರೋಕಾಗಲ್ಲ. ಬರಲೋ ಬೇಡವೋ ನೀನೇ ಬರಿ. ಫೋನು ಬೇಡ, ಫೋನಲ್ಲಿ ನೀನು ಜಗಳಕ್ಕೇ ಬರ್ತೀಯ.” ಚಿಕ್ಕೋಳು ಉತ್ತರಕ್ಕೆ ಕೂತಿದ್ದಳು. “ಅಕ್ಕಾ, ನಾವು ಚೆನ್ನಾಗಿದ್ದೇವೆ” ಎಂಬಲ್ಲಿಂದ ಪೆನ್ನು ಮುಂದೆ ಹೋಗಿರಲಿಲ್ಲ. ವರ್ಷ ಮುಗಿಯಲು ಇನ್ನು ಹತ್ತೇ ದಿನ.

ಮರುದಿನ ಕನ್ನಡಿ ನೋಡಿದರೆ ಅರ್ಧ ಮುಖ ಅವಳದು, ಇನ್ನರ್ಧ ಯಾರದೋ. ಗಂಡ ಅಂಗಡಿ ಬಾಗಿಲೆಳೆದು ಅವಳನ್ನು ದವಾಖಾನೆಗೆ ಕರೆದೊಯ್ದ.

ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. “ಬಿಸಿ ಇಟ್ಟಿರಾ?”

ಚಿಕ್ಕೋಳು ಹೌದೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಗಂಡನ ಕಡೆ ತಿರುಗಿದರು. “ನಿನ್ನೆ ಅಷ್ಟು ಹೇಳಿ ಕಳಿಸಿದೆ. ನೀವೇ ಬಿಸಿ ಮಾಡಿ ಕೊಟ್ಟಿರೇನು? ಇಸ್ತ್ರಿ ಅಂಗಡಿಯವರು ಬೇರೆ!”

“ತಪ್ಪಾಯ್ತಮ್ಮಾ,” ಎಂದು ಅವನು ತಲೆ ತಗ್ಗಿಸಿ ನಿಂತ.

ಕೋಟು ಸುಟ್ಟ ದಿನ ಅಕ್ಕನೂ ಹೀಗೇ ನಿಂತಿದ್ದಳು. ಚಿಕ್ಕೋಳು ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು ಬರೆದಳು: “ಅವರು ಬೇಡ ಅಂದರು. ಮಾಡಿದ್ದು ನಾನು.”

ಡಾಕ್ಟರಮ್ಮ ನಕ್ಕುಬಿಟ್ಟರು. “ಸರಿ ಬಿಡಿ, ಕೀವಾಗಿಲ್ಲ. ಎರಡು ಮೂರನೇ ದಿನ ಊತ ಏರೋದು ಸಹಜವೇ, ನೀವು ಬಿಸಿ ಇಟ್ಟು ಇನ್ನಷ್ಟು ಏರಿಸಿಕೊಂಡಿರಿ. ಇವತ್ತು ಐಸನ್ನ ಬಟ್ಟೇಲಿ ಸುತ್ತಿ ಕಾಲು ಗಂಟೆ ಇಡಿ, ಕಾಲು ಗಂಟೆ ಬಿಡಿ. ನೋವು ಬರಲಿ ಅಂತ ಕಾಯಬೇಡಿ, ಬರೆದುಕೊಟ್ಟ ಹೊತ್ತಿಗೇ ಮಾತ್ರೆ ನುಂಗಿ.”

“ಉಪ್ಪುನೀರು?” ಎಂದ ಗಂಡ.

“ಉಗುರುಬೆಚ್ಚಗಿರಲಿ, ಬಾಯಲ್ಲಿ ಮೆಲ್ಲಗೆ ಆಡಿಸಿ ಬಿಟ್ಟರೆ ಸಾಕು. ಜೋರಾಗಿ ಉಗುಳಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತೆ. ಸ್ಟ್ರಾನೂ ಬೇಡ. ತಲೆಗೆ ಇನ್ನೊಂದು ದಿಂಬು ಕೊಡಿ. ನಾಳಿದ್ದಿನಿಂದ ನಿಮ್ಮ ಬಿಸಿ ಬಟ್ಟೆ ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ದಿನ ಕಳೆದಂತೆ ನೋವು ಏರಿದರೆ, ಜ್ವರ ಬಂದರೆ, ತಕ್ಷಣ ಬನ್ನಿ.”

ದಾರಿಯಲ್ಲಿ ಗಂಡ ಕೆಣಕಿದ. “ನನ್ನ ಪರ ಸಾಕ್ಷಿ ಹೇಳಿಬಿಟ್ಟೆಯಲ್ಲೇ! ಆ ಚೀಟಿ ಕೊಡು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ.”

ಅವಳು ನಗಲು ಹೋಗಿ ದವಡೆ ಹಿಡಿದುಕೊಂಡಳು.

ಮನೆಗೆ ಬಂದು ಮೊಸರಿನಲ್ಲಿ ಬಾಳೆಹಣ್ಣು ಹಿಸುಕಿ ಎಡಗಡೆಯಿಂದಲೇ ನುಂಗಿದಳು. ಗಂಡ ಗಡಿಯಾರ ಹಿಡಿದು ಕೂತ. ಐಸು ಇಟ್ಟ ಕಾಲು ಗಂಟೆ ಕಣ್ಣು ಮುಚ್ಚಿ ಕೂತಳು. ತೆಗೆದ ಕಾಲು ಗಂಟೆಯಲ್ಲಿ ಹೊಸ ಹಾಳೆ ತೆಗೆದಳು.

“ಅಕ್ಕಾ, ಆ ಕೋಟು ಸುಟ್ಟಿದ್ದು ನನ್ನಿಂದ. ಶಾಖ ಇಳಿಸದೆ ಬಿಟ್ಟಿದ್ದೆ. ನಿನ್ನನ್ನು ಬೈಯುವಾಗ ಗೊತ್ತಿದ್ದೂ ಸುಮ್ಮನೆ ನಿಂತೆ. ಆ ಗಿರಾಕಿಗೂ ಹೇಳುತ್ತೇನೆ. ನೀನು ಬಂದರೆ ಸಂತೋಷ. ಬರದಿದ್ದರೂ ಇದು ನಿನಗೆ ಗೊತ್ತಿರಬೇಕು.”

ಓದಿದ ಗಂಡ ಲಕೋಟೆಯೊಂದನ್ನು ತಂದುಕೊಟ್ಟ. ಆಮೇಲೆ, “ಕೊಡು, ನಾನೇ ಹಾಕಿ ಬರ್ತೀನಿ. ಈ ಮುಖ ಹೊತ್ತು ಬೀದಿಗೆ ಹೋಗ್ತೀಯಾ?” ಎಂದ.

ಅವಳು ಲಕೋಟೆ ಬಿಡಲಿಲ್ಲ. ಮೂಲೆಯ ಅಂಚೆ ಡಬ್ಬಿಯವರೆಗೆ ನಡೆದಳು. ಎದುರು ಸಿಕ್ಕ ಇಬ್ಬರು ಗಿರಾಕಿಗಳು ಕೆನ್ನೆ ನೋಡಿ ಅಯ್ಯೋ ಅಂದರು. ಅವಳು ಅವರಿಗೆ ಏನಿಲ್ಲ ಎಂದು ಕೈಸನ್ನೆ ಮಾಡಿ, ಕಾಗದವನ್ನು ಡಬ್ಬಿಯೊಳಗೆ ತಳ್ಳಿದಳು.