ಗಿರಾಕಿಗೆ ತೋರಿಸುವ ಮನೆ

ಗಂಡನಿಗೆ ಕ್ಯಾಮೆರಾ ಅಂಗಡಿ. ಹಾಗಂತ ಮನೆಯನ್ನೂ ಅಂಗಡಿ ಮಾಡಬೇಕೆಂದು ಯಾವ ದೇವರು ಹೇಳಿದ್ದನೋ! ಕೋಣೆಗೊಂದು ಕ್ಯಾಮೆರಾ ಕೂರಿಸಿ, ದೀಪಗಳನ್ನೆಲ್ಲ ಅವುಗಳ ಕೈಗೆ ಒಪ್ಪಿಸಿ, ಗೋಡೆಯ ಸ್ವಿಚ್ಚುಗಳನ್ನು ಕಿತ್ತುಹಾಕಿದ್ದ. ಮನುಷ್ಯರು ಕಂಡರೆ ದೀಪ ಹತ್ತಬೇಕು, ಕಾಣದಿದ್ದರೆ ಆರಬೇಕು. ಈ ಚಮತ್ಕಾರವನ್ನು ಅಂಗಡಿಗೆ ಬಂದ ಗಿರಾಕಿಗಳಿಗೆ ಫೋನಿನಲ್ಲೇ ತೋರಿಸುತ್ತಿದ್ದ. ತೋರಿಸಲು ಮನೆಯೊಳಗೆ ಒಬ್ಬರು ಓಡಾಡಬೇಕಲ್ಲ, ಅದಕ್ಕೆ ಹೆಂಡತಿ ಇದ್ದಳು.

“ಸ್ವಲ್ಪ ಅಡುಗೆಮನೆಗೆ ಹೋಗು. ಈಗ ನಡುಮನೆಗೆ ಬಾ. ಹಾಂ, ಕೂತ್ಕೋ.”

ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ಕೋಲೆ ಬಸವನ ಹಾಗೆ ಹೇಳಿದ ಕಡೆ ಹೋಗುತ್ತಿದ್ದಳು. ಮೈ ಕಾದ ದಿನವೂ ಬಿಡುವಿರಲಿಲ್ಲ. ಅಳಬೇಕೆನಿಸಿದರೆ ಬಚ್ಚಲಿಗೆ ಹೋಗಿ ಅಳಬೇಕು. ಪುಣ್ಯಕ್ಕೆ ಅಲ್ಲಿ ಕ್ಯಾಮೆರಾ ಇರಲಿಲ್ಲ.

ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅವಳನ್ನು ಈಗ ಪೇಟೆಯ ಟೈಲರಮ್ಮ ಕೆಲಸಕ್ಕೆ ಕರೆದಿದ್ದಳು. “ಗುರುವಾರ ಬೆಳಿಗ್ಗೆ ಬಂದು ಒಂದು ಕೋಟ್‌ಗೆ ತೋಳು ಕೂರಿಸಿ ತೋರಿಸು. ಕೈ ಚೆನ್ನಾಗಿದ್ರೆ ಆ ಮೂಲೆ ಮೆಷಿನ್ನು ನಿಂದೇ.”

ಗಂಡನನ್ನು ಕೇಳಿದಳು. “ನೀನು ಹೋದ್ರೆ ನಾನು ಖಾಲಿ ಮನೆ ತೋರಿಸ್ಲಾ? ಕತ್ತಲೆ ನೋಡೋಕೆ ಯಾರು ಬರ್ತಾರೆ?” ಎಂದ. ಮಾತು ಅಲ್ಲಿಗೆ ಮುಗಿಯಿತು.

ಆದರೆ ಮನೆಯ ಹೊಲಿಗೆಯ ಕೋಣೆಯಲ್ಲಿ, ಬಟ್ಟೆ ತೊಡಿಸಿ ಅಳತೆ ನೋಡುವ ಬೊಂಬೆಯ ಮುಂದೆ ದೀಪ ಆರುವುದೇ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆ ಕ್ಯಾಮೆರಾಕ್ಕೆ ಬೊಂಬೆಯೂ ಒಂದೇ, ಹೆಂಡತಿಯೂ ಒಂದೇ. ಗುರುವಾರ ಗಂಡ ಅಂಗಡಿಗೆ ಹೊರಟದ್ದೇ ತಡ, ಬೊಂಬೆಯನ್ನು ನಡುಮನೆಯ ಕುರ್ಚಿಯಲ್ಲಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂರಿಸಿದಳು. ತನ್ನ ನೀಲಿ ಸ್ವೆಟರ್ ತೊಡಿಸಿ, ಚಿಂದಿ ಬಟ್ಟೆಯ ಉಂಡೆಗೆ ಶಾಲು ಸುತ್ತಿ ತಲೆ ಮಾಡಿದಳು. ಬಟ್ಟೆ ಒಗೆಯುವ ಹಿತ್ತಿಲಲ್ಲಿ ಕ್ಯಾಮೆರಾ ಇರಲಿಲ್ಲ. ಆ ದಾರಿಯಲ್ಲಿ ಹೊರಬಿದ್ದಳು.

ತೋಳು ಕೂರಿಸುತ್ತಿದ್ದಾಗ ಗಂಡನ ಫೋನ್ ಬಂತು. ಅವಳು ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಟೈಲರಮ್ಮ ಕೈ ಎತ್ತಿದಳು, ಎಲ್ಲ ಮೆಷಿನ್ನುಗಳೂ ನಿಂತವು.

“ಏಳ್ಬೇಡ ಕಣೇ! ಹಾಗೇ ಕೂತಿರು, ಗಿರಾಕಿ ನೋಡ್ತಿದ್ದಾರೆ.”

“ಏಳಲ್ಲ ರೀ,” ಎಂದಳು.

ಟೈಲರಮ್ಮ ಹೊಲಿದ ತೋಳನ್ನು ಎಳೆದು ನೋಡಿದಳು, ತಿರುಗಿಸಿ ನೋಡಿದಳು. “ಸೋಮವಾರ ಬಾ. ಆದ್ರೆ ಮನೇಲಿ ಹೇಳಿ ಬಾ. ಕದ್ದು ಬರೋರು ಅರ್ಧಕ್ಕೆ ಬಿಟ್ಟು ಓಡ್ತಾರೆ, ನಂಗೆ ಬೇಡ.”

ಹೇಳಿಯೇ ಬಿಡುವುದೆಂದು ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಬೈದರೆ ಬೈಯಲಿ, ಬೊಂಬೆ ಕೂರಿಸಿದ್ದನ್ನೂ ಹೇಳುತ್ತೇನೆ ಎಂದುಕೊಂಡಳು. ಮನೆಗೆ ಬಂದು ಬೊಂಬೆಯನ್ನು ಅದರ ಕೋಣೆಗೆ ಸೇರಿಸಿದಳು. ಸಂಜೆ ಗಂಡ ಎಂದೂ ಇಲ್ಲದ ಹುರುಪಿನಲ್ಲಿ ಬಂದ. ಕಂಕುಳಲ್ಲಿ ದೊಡ್ಡ ಕಾಗದದ ಸುರುಳಿ. ಮೇಜಿನ ಮೇಲೆ ಬಿಡಿಸಿದ: ಬೆಳಕು ತುಂಬಿದ ನಡುಮನೆ, ನೀಲಿ ಸ್ವೆಟರ್, ಶಾಲು.

“ಅಂಗಡಿಗೂ ಒಂದು, ಮನೆಗೂ ಒಂದು ಮಾಡಿಸ್ದೆ. ಎಷ್ಟು ನೆಮ್ಮದಿಯಾಗಿ ಕೂತಿದೀಯ ನೋಡು! ಮದುವೆಯಾದಾಗಿಂದ ನಿನ್ನ ಫೋಟೋ ಇಷ್ಟು ಚೆನ್ನಾಗಿ ಬಂದೇ ಇಲ್ಲ.”

ಚಿತ್ರದಲ್ಲಿ ಬೊಂಬೆಯ ಭುಜದ ಮೇಲೆ ಬಿದ್ದಿದ್ದ ಕಾಗದದ ಸುಕ್ಕನ್ನು ಅವನು ಅಂಗೈಯಿಂದ ಮೆಲ್ಲಗೆ ಸವರಿದ. ಅವಳು ಆ ಅಂಗೈಯನ್ನೇ ನೋಡಿದಳು. ಸಿಕ್ಕಿಬಿದ್ದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು.

“ರೀ, ಸೋಮವಾರದಿಂದ ನಾನು ಟೈಲರಮ್ಮನ ಹತ್ರ ಕೆಲಸಕ್ಕೆ ಹೋಗ್ತೀನಿ.”

“ಮತ್ತೆ ಇಲ್ಲಿ ಯಾರು ಕೂತ್ಕೋತಾರೆ?”

“ಇವಳು,” ಎಂದು ಚಿತ್ರಕ್ಕೆ ಬೆರಳಿಟ್ಟಳು. “ಇವತ್ತೂ ಇವಳೇ ಕೂತಿದ್ದು. ನಾನಲ್ಲ.”

ಅವನು ಬಿದ್ದು ಬಿದ್ದು ನಕ್ಕ. “ನಿಂಗೂ ತಮಾಷೆ ಬರುತ್ತಲ್ಲೇ!” ಎಂದು ಕಣ್ಣೊರೆಸಿಕೊಂಡ. ಅವಳು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಕಾಗದದ ಎರಡೂ ತುದಿಗಳನ್ನು ಅವಳ ಕೈಗೆ ಕೊಟ್ಟು, ಗೋಡೆಗೆ ಒತ್ತಿ ಹಿಡಿಯಲು ಹೇಳಿದ.

“ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ.” ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. “ಹಾಂ, ಅಲ್ಲೇ. ಅಲ್ಲಾಡ್ಬೇಡ, ಮೊಳೆ ತರ್ತೀನಿ.”